ಸ್ಥಪತಿಯೂ ಸಹಾಯಕರೂ

ಮಯಮತವೆಂಬ ಶಿಲ್ಪಗ್ರಂಥವು ಕಟ್ಟಡದ ಕೆಲಸಕ್ಕೆ ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂಬ ನಾಲ್ವರನ್ನು ಹೇಳುತ್ತದೆ. ಯೋಜಿಸುವವನು ಒಬ್ಬನು, ಅಳೆಯುವವನು ಮತ್ತೊಬ್ಬನು. ಕಡಿಯುವವನೂ ಜೋಡಿಸುವವನೂ ಬೇರೆ. ಈ ನಾಲ್ವರಲ್ಲಿ ಮಾತು ಕೆಟ್ಟರೆ ಗೋಡೆಯೂ ಕೆಡುವುದೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಇಂದು ಸ್ಥಪತಿಯ ಸ್ಥಾನದಲ್ಲಿ ಸಲಹೆ ನೀಡುವ ಇಂಜಿನಿಯರರ ಸಂಸ್ಥೆಗಳಿವೆ. ನಾಲ್ವರಿದ್ದಲ್ಲಿ ನೂರಾರು ಜನರಿದ್ದಾರೆ. ನೂತನ ಕಲ್ಪನೆಯು ಅಲ್ಲಿ ಒಬ್ಬರ ಬುದ್ಧಿಯಿಂದ ಹುಟ್ಟಬಹುದು. ಅದು ಕ್ಷೇಮವಾಗಿ ಬಾಳಬೇಕಾದರೆ ಎಲ್ಲರ ನಡವಳಿಕೆಯೂ ಬೇಕು. ಅಮೆರಿಕದ ಒಂದು ವೃತ್ತಾಂತವು ಇದಕ್ಕೆ ಸಾಕ್ಷಿಯಾಗಿದೆ.

ನ್ಯೂಯಾರ್ಕ್ ನಗರದಲ್ಲಿ ಸಿಟಿಕಾರ್ಪ್ ಎಂಬ ಬ್ಯಾಂಕಿನ 59 ಅಂತಸ್ತುಗಳ ಸೌಧವು 1977ರಲ್ಲಿ ಪೂರ್ಣವಾಯಿತು. ನಿವೇಶನದ ಒಂದು ಮೂಲೆಯಲ್ಲಿ ಚರ್ಚಿಗೆ ಸ್ಥಳವನ್ನು ಬಿಡಬೇಕಾಗಿದ್ದಿತು. ಆದುದರಿಂದ ಇಂಜಿನಿಯರರಾದ ವಿಲಿಯಂ ಲೆಮೆಷರ್ ಎಂಬವರು, ಒಂಬತ್ತು ಅಂತಸ್ತುಗಳಷ್ಟು ಎತ್ತರದ ಕಂಬಗಳನ್ನು ಮೂಲೆಗಳಲ್ಲಿ ನಿಲ್ಲಿಸದೆ ನಾಲ್ಕು ಪಾರ್ಶ್ವಗಳ ಮಧ್ಯದಲ್ಲಿ ನಿಲ್ಲಿಸಿದರು. ಗಾಳಿಗೆ ಸೌಧವು ಓಲಾಡದಂತೆ ಸುಮಾರು 400 ಟನ್ ಭಾರದ ಕಾಂಕ್ರೀಟಿನ ದಿಂಡೊಂದನ್ನು ಮೇಲಿರಿಸಿದರು. ನೋಡಿದವರೆಲ್ಲರೂ ಮೆಚ್ಚಿದರು.

ಉಕ್ಕಿನ ಸಂಧಿಗಳನ್ನು ಬೆಸುಗೆಯಿಂದ ಕೂಡಿಸಬೇಕೆಂಬುದು ಅವರ ಎಣಿಕೆಯಾಗಿದ್ದಿತು. ಕಟ್ಟುವವರು ವೆಚ್ಚವನ್ನು ಉಳಿಸಲೆಂದು ಬೋಲ್ಟುಗಳನ್ನು ಸೂಚಿಸಿದರು. ಅವರ ಸಂಸ್ಥೆಯವರೇ ಅದಕ್ಕೆ ಒಪ್ಪಿದರು. ವಾಡಿಕೆಯ ಮಾರ್ಪಾಡೆಂದು ಭಾವಿಸಿ ಹಿರಿಯರಿಗೆ ತಿಳಿಸಲಿಲ್ಲ. 1978ರಲ್ಲಿ ಆ ಕಂಬಗಳ ವಿಷಯವಾಗಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಬಂದಿತು. ಅದನ್ನು ತಳ್ಳಿಹಾಕದೆ ಲೆಮೆಷರರು, ಮೂಲೆಗೆ ಓರೆಯಾಗಿ ಬೀಸುವ ಗಾಳಿಯನ್ನು ಪುನಃ ಲೆಕ್ಕಹಾಕಿದರು. ಅವರ ಗಣನೆಯಂತೆ, ಅಂಥ ಗಾಳಿಯಲ್ಲಿ ಸಂಧಿಗಳ ಮೇಲಿನ ಬಲವು ಎಣಿಸಿದುದಕ್ಕಿಂತ ನೂರಕ್ಕೆ 160ರಷ್ಟು ಹೆಚ್ಚುತ್ತಿದ್ದಿತು. ಬೆಸುಗೆ ತಡೆಯಬಹುದಾಗಿದ್ದುದನ್ನು ಬೋಲ್ಟುಗಳು ತಡೆಯವೆಂದು ಅವರಿಗೆ ತೋರಿತು.

ಸುಮ್ಮನಿದ್ದರೆ ಕೀರ್ತಿಯು ಉಳಿಯುತ್ತಿದ್ದಿತು. ಬಿರುಗಾಳಿ ಬಂದರೆ ಜನರ ಪ್ರಾಣವು ಉಳಿಯುವ ಭರವಸೆ ಇರಲಿಲ್ಲ. ಅವರು ಸೌಧದ ಒಡೆಯರ ಬಳಿಗೆ ತಾವೇ ಹೋಗಿ ದೋಷವನ್ನು ಒಪ್ಪಿಕೊಂಡರು. ಆ ವರ್ಷವೇ ಬೆಸುಗೆಯವರು ರಾತ್ರಿಯ ಹೊತ್ತು ಕೆಲಸಮಾಡಿ, 200ಕ್ಕೂ ಹೆಚ್ಚು ಸಂಧಿಗಳಿಗೆ ಎರಡಂಗುಲ ದಪ್ಪದ ಉಕ್ಕಿನ ಫಲಕಗಳನ್ನು ಬೆಸೆದರು. ಆದರೆ ಅಪಾಯದ ನಿಜಸ್ಥಿತಿಯನ್ನು ಜನರು ಅರಿತುದು 1995ರಲ್ಲಿ ಪತ್ರಿಕೆಯೊಂದು ಪ್ರಕಟಿಸಿದ ಮೇಲೆಯೇ. ಒಡೆಯರೆದುರು ಸತ್ಯವನ್ನು ಹೇಳಿದ ಧೈರ್ಯವು ಸ್ತುತ್ಯವಾದರೂ, ಆ ನೆರಳಿನಲ್ಲಿ ಬಾಳಿದವರಿಂದ ಅದನ್ನು ಮರೆಮಾಡಿದುದು ನ್ಯಾಯವೆನಿಸದು.

ಹಳೆಯ ರೀತಿಯ ಕಟ್ಟಡದಲ್ಲಿ ಬೋಲ್ಟಿನ ಮಾರ್ಪಾಡು ಬಹುಶಃ ಚಿಕ್ಕದೇ ಆಗಿರುತ್ತಿದ್ದಿತು. ಹೊಸ ಕಟ್ಟಡದಲ್ಲಿ ಯಾವುದು ಚಿಕ್ಕದು, ಯಾವುದು ದೊಡ್ಡದು ಎಂಬುದು ಮೊದಲೇ ತಿಳಿದಿರುವುದಿಲ್ಲ. ಆದುದರಿಂದ ನೂತನವನ್ನು ಬಯಸುವ ಸಂಸ್ಥೆಯಲ್ಲಿ ಕಿರಿಯನು ಅಳುಕದೆ ಹೇಳುವ, ಹಿರಿಯನು ಬೇಸರಿಸದೆ ಕೇಳುವ ಪದ್ಧತಿಯು ದಿನನಿತ್ಯದ್ದಾಗಿರಬೇಕು. ಅಂದು ಹೊರಗಿನ ವಿದ್ಯಾರ್ಥಿಯೊಬ್ಬರು ಕೇಳಿದುದನ್ನು ಒಳಗಿನವರೇ ಕೇಳಿದ್ದರೆ, ಉಕ್ಕನ್ನು ಎರಡು ಬಾರಿ ಕೂಡಿಸಬೇಕಾಗಿರಲಿಲ್ಲ.