ಒಡೆದ ದನಿಯ ಹುಡುಗಿ

1990ರಲ್ಲಿ ಐರ್ಲೆಂಡಿನ ಲಿಮರಿಕ್‌ನ ಮೂವರು ಹುಡುಗರ ತಂಡಕ್ಕೆ ಹಾಡುವವರು ಬೇಕಾಗಿತ್ತು. ಇದ್ದವನು ಬಿಟ್ಟುಹೋಗಿದ್ದ. ಬಂದವಳು ಹಳ್ಳಿಯ ಹುಡುಗಿ ಡೊಲೊರೆಸ್ ಒರಿಯೊರ್ಡನ್. ಬದುಕುಳಿದ ಏಳು ಮಕ್ಕಳಲ್ಲಿ ಕೊನೆಯವಳು. ಅಪಘಾತವಾದ ಮೇಲೆ ತಂದೆ ದುಡಿಯುವಂತಿರಲಿಲ್ಲ. ಸಂಸಾರ ತಾಯಿಯ ಹೆಗಲ ಮೇಲಿತ್ತು. ಹುಡುಗಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು, ಹಾಡುತ್ತಿದ್ದಳು. ಗಿಟಾರಿನ ನೋಯೆಲ್ ಹೋಗನ್ ಬರೀ ವಾದ್ಯದ ಸ್ವರಗಳಿದ್ದ ಕ್ಯಾಸೆಟ್ ಕೊಟ್ಟು ಕಳಿಸಿದ. ಆಕೆ ಅದಕ್ಕೆ ಮಾತು, ಧಾಟಿ ಎರಡನ್ನೂ ಕೂಡಿಸಿಕೊಂಡು ಬಂದಳು. ಅದೇ ‘ಲಿಂಗರ್’.

‘ದಿ ಕ್ರ್ಯಾನ್‌ಬೆರೀಸ್’ ತಂಡದ ಮೊದಲ ಆಲ್ಬಂ ಬಂದದ್ದು 1993ರ ಮಾರ್ಚಿನಲ್ಲಿ. ಅದರ ಉದ್ದನೆಯ ಹೆಸರಿನ ಅರ್ಥ, ‘ಬೇರೆಯವರೆಲ್ಲ ಮಾಡುತ್ತಿರುವಾಗ ನಮಗೇಕೆ ಆಗದು?’ (ಮಕ್ಕಳಿರುವ ಮನೆಗಳಿಗೆ ಹೊಸ ಪ್ರಶ್ನೆಯೇನಲ್ಲ!) ಬ್ರಿಟನ್ ಮೊದಲು ಕಿವಿಗೊಡಲಿಲ್ಲ. ಅಮೆರಿಕದಲ್ಲಿ ಎಂಟಿವಿ ‘ಲಿಂಗರ್’ ತೋರಿಸಿದ ಮೇಲೆ ಗಾಳಿ ತಿರುಗಿತು. 1994ರಲ್ಲಿ ಆಲ್ಬಂ ಬ್ರಿಟನ್ನಿನಲ್ಲೂ ಮೊದಲ ಸ್ಥಾನಕ್ಕೇರಿತು.

ಆ ದನಿಯಲ್ಲಿ ಅಂಥದ್ದೇನಿದೆ? ಧ್ವನಿತಂತುಗಳು ದಪ್ಪಗಿದ್ದು ಪೂರ್ತಿ ಕಂಪಿಸಿದರೆ ತಗ್ಗಿನ, ತುಂಬಿದ ದನಿ. ಎಳೆದು ತೆಳುವಾಗಿ ಅಂಚು ಮಾತ್ರ ಕಂಪಿಸಿದರೆ ಎತ್ತರದ, ಹಗುರ ದನಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ದನಿ ಒಡೆಯುತ್ತದೆ. ಎಷ್ಟೋ ಗಾಯಕರು ಈ ಬಿರುಕನ್ನು ಮುಚ್ಚಲು ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ಡೊಲೊರೆಸ್ ಅದನ್ನೇ ಎತ್ತಿ ಹಿಡಿದಳು. ತನ್ನೂರಿನ ಉಚ್ಚಾರವನ್ನೂ ತಿದ್ದಿಕೊಳ್ಳಲಿಲ್ಲ. ಆಲ್ಬಮ್ಮಿನ ನಿಜವಾದ ಧೈರ್ಯ ಇದು; ಗಿಟಾರುಗಳದ್ದಲ್ಲ.

2018ರ ಜನವರಿಯಲ್ಲಿ ಆಕೆ ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು 46. ಆಕೆ ಹಾಡಿಟ್ಟಿದ್ದ ಕರಡು ಧ್ವನಿಮುದ್ರಣಗಳಿಗೆ ಉಳಿದ ಮೂವರು ವಾದ್ಯ ಕೂಡಿಸಿ 2019ರಲ್ಲಿ ಕೊನೆಯ ಆಲ್ಬಂ ಹೊರತಂದರು. ಈ ಸಲ ಬೇರೆ ಹಾಡುವವರನ್ನು ಹುಡುಕಲಿಲ್ಲ.