ಶಿಂಜುಕುವಿನಲ್ಲಿ ಕುಣಿದ ನೀಲಿ ಚುಕ್ಕಿ

ಟೋಕಿಯೊದ ಶಿಂಜುಕು ನಿಲ್ದಾಣದ ಹೊಟ್ಟೆಯಿಂದ ಹೊರಬೀಳಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಇನ್ನೂರಕ್ಕೂ ಹೆಚ್ಚು ಬಾಗಿಲುಗಳ ನಿಲ್ದಾಣ. ನಾಲ್ಕು ಮೆಜೆಸ್ಟಿಕ್ಕುಗಳನ್ನು ಒಂದರ ಮೇಲೊಂದು ಪೇರಿಸಿ ನೆಲದಡಿ ಹೂತಿಟ್ಟಂತಿದೆ. ಅಂತೂ ಪಶ್ಚಿಮದ ಕಡೆ ಬೆಳಕು ಕಂಡು ಫೋನ್ ತೆಗೆದೆ. "ಮಾವ, ನೀಲಿ ಚುಕ್ಕಿ ನೋಡ್ಕೊಂಡು ಬನ್ನಿ, ಹತ್ತೇ ನಿಮಿಷ" ಎಂದಿದ್ದ ಅಳಿಯ. ತಂಗಿಯ ಮಗ, ಕಾರುಗಳಲ್ಲಿ ದಾರಿ ತೋರುವ ಪರದೆ ಇರುತ್ತದಲ್ಲ, ಅದಕ್ಕೆ ಸಾಫ್ಟ್‌ವೇರ್ ಬರೆಯುವುದು ಅವನ ಕಸುಬು.

ಚುಕ್ಕಿ ನಿಂತರೆ ತಾನೆ ನೋಡಿಕೊಂಡು ಹೋಗುವುದು! ನಾನು ನಿಂತಲ್ಲೇ ನಿಂತಿದ್ದೇನೆ, ಅದು ರಸ್ತೆ ದಾಟುತ್ತದೆ. ಯಾವುದೋ ಹೋಟೆಲಿನೊಳಗೆ ನುಗ್ಗಿ ಹಿಂಬದಿಯ ಬೀದಿಯಲ್ಲಿ ಏಳುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ನನ್ನ ಬೆನ್ನ ಹಿಂದೆ ಪ್ರತ್ಯಕ್ಷ. ಬೆಂಗಳೂರಲ್ಲಾದರೆ ಮೇನು, ಕ್ರಾಸು, ಇಲ್ಲವೇ ಗಣಪತಿ ದೇವಸ್ಥಾನದ ಎದುರು ಎಂದಾದರೂ ಕೇಳಬಹುದು. ಇಲ್ಲಿ ಬಹುಪಾಲು ಬೀದಿಗಳಿಗೆ ಹೆಸರೇ ಇಲ್ಲ. ವಿಳಾಸವೆಂದರೆ ಬರೀ ಅಂಕಿಗಳು. ಕೊನೆಗೆ ಕೈಹಿಡಿದದ್ದು ಕೋಬಾನ್, ಅಂದರೆ ಮೂಲೆಯ ಪುಟ್ಟ ಪೊಲೀಸ್ ಚೌಕಿ. ಬಿಳಿ ಕೈಗವಸಿನ ಪೊಲೀಸಪ್ಪ ನನ್ನ ಫೋನಿನತ್ತ ಕಣ್ಣೂ ಹಾಯಿಸದೆ ಕಾಗದದ ನಕ್ಷೆ ಬಿಡಿಸಿ, ಪೆನ್ಸಿಲಿನಲ್ಲಿ ದಾರಿ ಗೀಚಿಕೊಟ್ಟ.

ಆ ಮಧ್ಯಾಹ್ನ ಅಳಿಯ ನನ್ನನ್ನು ಮಹಾನಗರಾಡಳಿತದ ಅವಳಿ ಗೋಪುರಕ್ಕೆ ಕರೆದೊಯ್ಯುತ್ತಾನೆ. 202 ಮೀಟರ್ ಎತ್ತರ, 45ನೇ ಮಹಡಿ, ಬಿಟ್ಟಿ ಪ್ರವೇಶ. ಟೋಕಿಯೊದಲ್ಲಿ ಬಿಟ್ಟಿ ಸಿಕ್ಕ ದೊಡ್ಡ ವಸ್ತು ಇದೊಂದೇ! ಕೆಳಗೆ ನೋಡಿದರೆ ಬೀದಿಗಳು ಬೀದಿಗಳಾಗಿಲ್ಲ, ಗಾಜಿನ ಬಂಡೆಗಳ ನಡುವಿನ ಕೊರಕಲುಗಳಾಗಿವೆ. ಚುಕ್ಕಿಯ ಕುಣಿತದ ಗುಟ್ಟಿರುವುದು ಈ ಕೊರಕಲುಗಳಲ್ಲೇ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿಂದ ಸಮಯವನ್ನು ಕೂಗುತ್ತಿರುತ್ತವೆ. ಕನಿಷ್ಠ ನಾಲ್ಕರ ಕೂಗು ಕೇಳಿದರೆ ಫೋನು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಕೊರಕಲಿನೊಳಗೆ ಆ ಕೂಗು ನೇರ ಬರದೆ ಎದುರಿನ ಗಾಜಿಗೆ ಬಡಿದು ಬರುತ್ತದೆ. ಸೆಕೆಂಡಿನ ಕೋಟಿಯಲ್ಲೊಂದು ಪಾಲು ತಡವಾದರೂ ದೂರ 30 ಮೀಟರ್ ಹೆಚ್ಚೆನಿಸುತ್ತದೆ. ಚುಕ್ಕಿ ರಸ್ತೆ ದಾಟಿದ್ದು ಹೀಗೆ.

ಇದಕ್ಕೆ ಜಪಾನೀಯರು ಹುಡುಕಿದ ಉಪಾಯ ಕೇಳಿ ನನಗೆ ಊರಿನ ಅಡಿಕೆ ತೋಟ ನೆನಪಾಯಿತು. ತೋಟದ ತಳಕ್ಕೆ ಬಿಸಿಲು ಬೀಳುವುದು ನಡುಮಧ್ಯಾಹ್ನ ಮಾತ್ರ. ಹಾಗಾದರೆ ಸೂರ್ಯನನ್ನು ಸದಾ ನಡುಮಧ್ಯಾಹ್ನದಲ್ಲೇ ನಿಲ್ಲಿಸಿದರೆ? ಮಿಚಿಬಿಕಿ ಎಂಬ ಉಪಗ್ರಹಮಾಲೆ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಹೆಸರಿನ ಅರ್ಥ 'ದಾರಿ ತೋರುವಿಕೆ'. ಮೊದಲನೆಯದು ಹಾರಿದ್ದು 2010ರ ಸೆಪ್ಟೆಂಬರಿನಲ್ಲಿ, ನಾಲ್ಕು ಉಪಗ್ರಹಗಳ ಸೇವೆ ಶುರುವಾದದ್ದು 2018ರ ನವೆಂಬರಿನಲ್ಲಿ. ಅವುಗಳಲ್ಲಿ ಮೂರು ಜಪಾನಿನಿಂದ ಆಸ್ಟ್ರೇಲಿಯದವರೆಗೆ ಇಂಗ್ಲಿಷಿನ ಎಂಟರ ಆಕಾರ ಬರೆಯುತ್ತವೆ. ಜಪಾನಿನ ಮೇಲೆ ಬಂದಾಗ ಭೂಮಿಯಿಂದ ಹೆಚ್ಚು ದೂರವಿರುವುದರಿಂದ ನಡಿಗೆ ನಿಧಾನ. ಒಂದೊಂದೂ ಎಂಟೆಂಟು ಗಂಟೆ ನೆತ್ತಿಯ ಹತ್ತಿರ ಪಾಳಿ ಕಾಯ್ದು, ಮುಂದಿನದಕ್ಕೆ ಒಪ್ಪಿಸಿ ಹೋಗುತ್ತದೆ.

ಇಷ್ಟೆಲ್ಲ ಯಾಕೆ, ಬಾನಿನಲ್ಲಿ ಅಲುಗದೆ ನಿಲ್ಲುವ ಉಪಗ್ರಹ ಸಾಲದೇ? ಸಾಲದು. ಅದು ನಿಲ್ಲುವುದು ಭೂಮಧ್ಯರೇಖೆಯ ಮೇಲೆ. ಟೋಕಿಯೊದಿಂದ 50 ಡಿಗ್ರಿಯಷ್ಟೂ ಮೇಲೇಳುವುದಿಲ್ಲ, ಗೋಪುರಗಳ ಮರೆಗೆ ಬೀಳುತ್ತದೆ. ಬೆಂಗಳೂರಿನಲ್ಲಾದರೆ ಅಂಥದ್ದು 70 ಡಿಗ್ರಿ ದಾಟಿ ನಿಲ್ಲಬಲ್ಲದು. ಬ್ಯಾಲಾಳಿನಲ್ಲಿ ನೆಲಕೇಂದ್ರವಿರುವ, ದಾರಿ ತೋರುವ ನಮ್ಮದೇ ಉಪಗ್ರಹಮಾಲೆ ನಾವಿಕ್‌ಗೆ ಭೂಗೋಳವೇ ಕೊಟ್ಟ ಬಳುವಳಿ ಇದು. ಆದರೆ ನಾವಿಕ್‌ನ ಹಲವು ಪರಮಾಣು ಗಡಿಯಾರಗಳು ಕೈಕೊಟ್ಟವು ಎಂಬುದು ನೆನಪಾಗಿ ಹೊಟ್ಟೆ ಚುರುಗುಟ್ಟಿತು.

"ನೆತ್ತಿ ಮೇಲೆ ಒಂದಿದ್ರೆ ಸಾಲಲ್ಲ ಮಾವ" ಎಂದ ಅಳಿಯ. ಉಳಿದ ಮೂರು ಎಲ್ಲಿಂದ ಬರಬೇಕು? ಅದಕ್ಕೇ ಈಗ ಕಟ್ಟಡಗಳ ಎತ್ತರವನ್ನೂ ನಕ್ಷೆಗೆ ತುಂಬುತ್ತಾರೆ. ಈ ಪಕ್ಕದ ಫುಟ್‌ಪಾತಿನಲ್ಲಿದ್ದರೆ ಯಾವ ಉಪಗ್ರಹ ಮರೆಯಾಗಬೇಕು, ಆ ಪಕ್ಕದಲ್ಲಿದ್ದರೆ ಯಾವುದು ಎಂದು ತಾಳೆ ನೋಡಿ, ಚುಕ್ಕಿಯನ್ನು ಸರಿಯಾದ ದಂಡೆಗೆ ಹತ್ತಿಸುತ್ತಾರೆ. ಮರೆಯನ್ನೇ ಸಾಕ್ಷಿಗೆ ಕರೆದ ಬುದ್ಧಿಗೆ ನಾನು ತಲೆದೂಗಿದೆ.

ಮರುದಿನ ಅವನ ಕಾರು ಯಮಾತೆ ಸುರಂಗಕ್ಕಿಳಿಯುತ್ತದೆ. 18.2 ಕಿಲೋಮೀಟರ್! ಇಲ್ಲಿ ನೆತ್ತಿಯೂ ಇಲ್ಲ, ಆಕಾಶವೂ ಇಲ್ಲ. ನನ್ನ ಫೋನಿನ ಚುಕ್ಕಿ ಸುರಂಗದ ಬಾಯಲ್ಲೇ ಮುಷ್ಕರ ಹೂಡಿ ಕುಳಿತಿದೆ. ಕಾರಿನ ಪರದೆಯಲ್ಲಿ ಮಾತ್ರ ಬಾಣ ನಿಶ್ಚಿಂತೆಯಿಂದ ಓಡುತ್ತಿದೆ. ಚಕ್ರ ಎಷ್ಟು ಸುತ್ತಿತು, ಕಾರು ಎತ್ತ ತಿರುಗಿತು ಎಂಬ ಲೆಕ್ಕದ ಮೇಲೆ ನಡೆಯುವ ಓಟವಿದು. ಹೊಸ ವಿದ್ಯೆಯೂ ಅಲ್ಲ: 1981ರಲ್ಲೇ ಹೋಂಡಾ ಉಪಗ್ರಹದ ಹಂಗಿಲ್ಲದೆ, ಅನಿಲದ ಜೈರೋಸ್ಕೋಪಿನಿಂದ ಕಾರಿನ ನಕ್ಷೆ ನಡೆಸಿತ್ತು. ಕಣ್ಣು ಮುಚ್ಚಿಕೊಂಡು ಹೆಜ್ಜೆ ಎಣಿಸುತ್ತ ಬಚ್ಚಲಿಗೆ ಹೋಗುತ್ತಿದ್ದ ನಮ್ಮಜ್ಜಿಯ ವಿಧಾನವೇ. ಹೋದಷ್ಟೂ ತಪ್ಪು ಕೂಡುತ್ತ ಹೋಗುತ್ತದೆ ಎಂಬುದೊಂದೇ ತೊಡಕು. ಅಜ್ಜಿಯೂ ಒಮ್ಮೊಮ್ಮೆ ಒರಳಿಗೆ ಎಡವುತ್ತಿದ್ದಳು.

ಹೊರಡುವ ದಿನ ನಾನೇ ಹಟ ಮಾಡಿ ಅಜಬುದಾಯಿಗೆ ಹೋದೆ. ಜಪಾನಿನ ಅಕ್ಷಾಂಶ ರೇಖಾಂಶಗಳ ಮೂಲಬಿಂದು ಅಲ್ಲಿದೆ: ನೆಲದಲ್ಲಿ ಹುದುಗಿದ ಲೋಹದ ಮೇಲೊಂದು ಕೂಡುಗೆರೆ. ದೇಶವನ್ನೆಲ್ಲ ಅಳೆಯುವುದು ಇದರಿಂದ; ಇದಾದರೂ ನಿಂತಲ್ಲಿ ನಿಂತಿರಬೇಕಲ್ಲ? 2011ರ ಮಾರ್ಚಿನ ಭೂಕಂಪದಲ್ಲಿ ಇದೂ ಪೂರ್ವಕ್ಕೆ 27.67 ಸೆಂಟಿಮೀಟರ್ ಸರಿಯಿತು. ಮಿಚಿಬಿಕಿ ಸೆಂಟಿಮೀಟರ್ ಲೆಕ್ಕದ ತಿದ್ದುಪಡಿ ಕಳಿಸುವ ದೇಶದಲ್ಲಿ ನೆಲದ ಈ ಓಡಾಟ ಸಣ್ಣ ಸಂಗತಿಯಲ್ಲ. 1,300ರಷ್ಟು ಕೇಂದ್ರಗಳು ಹಗಲಿರುಳೂ ಅದನ್ನು ಅಳೆಯುತ್ತಿವೆ.

ಶಿಂಜುಕುವಿಗೆ ಹೋಗುವವರು ನಿಲ್ದಾಣದ ಯಾವ ಬಾಗಿಲಿನಿಂದ ಹೊರಬರಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಿ. ಚುಕ್ಕಿ ಕುಣಿಯತೊಡಗಿದರೆ ಗಾಜಿನ ಗೋಡೆ ಬಿಟ್ಟು, ಆಕಾಶ ಅಗಲವಾಗಿ ಕಾಣುವ ಕಡೆಗೆ ನಡೆಯಿರಿ. ಅದೂ ಆಗದಿದ್ದರೆ ಕೋಬಾನ್ ಇದ್ದೇ ಇದೆ.