ಬೀಜಿಂಗಿಗೆ ಹೋದ ಮಂಗಳೂರಿಗ

ನರಿಕೊಂಬಿನಲ್ಲಿ ಎರಡು ಅಡಿಕೆ ತೋಟಗಳ ನಡುವೆ ತಕರಾರು ಎದ್ದರೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ಸರ್ವೆಯವರು ಬರುತ್ತಾರೆ, ನಕ್ಷೆ ಬಿಡಿಸುತ್ತಾರೆ, ಪೊದೆಯೊಳಗೆ ಹೂತುಹೋದ ಗಡಿಕಲ್ಲನ್ನು ಹುಡುಕುತ್ತಾರೆ. ಸಿಟ್ಟು ಎಷ್ಟೇ ಇರಲಿ, ಕಲ್ಲು ಸಿಕ್ಕಿದ ಮೇಲೆ ದನಿ ತಗ್ಗುತ್ತದೆ. ಆದರೆ ಕಲ್ಲೇ ಇಲ್ಲದಿದ್ದರೆ? ಇಬ್ಬರ ಕೈಯಲ್ಲೂ ಬೇರೆ ಬೇರೆ ನಕ್ಷೆಗಳಿದ್ದರೆ?

ಭಾರತ ಮತ್ತು ಚೀನಾದ ಪಾಡು ಹೆಚ್ಚುಕಡಿಮೆ ಹೀಗೇ. ಗಡಿ 3,488 ಕಿ.ಮೀ. ಉದ್ದವೆಂದು ಭಾರತ ಹೇಳಿದರೆ, ಚೀನಾದ ಲೆಕ್ಕ ಸುಮಾರು 2,000 ಕಿ.ಮೀ. ಉದ್ದದ ಬಗ್ಗೆಯೇ ಒಮ್ಮತವಿಲ್ಲ! 2000ದಲ್ಲಿ ಮಧ್ಯ ವಲಯದ ನಕ್ಷೆಗಳು ವಿನಿಮಯವಾದವು. 2002ರಲ್ಲಿ ಲಡಾಖ್ ಕಡೆಯ ನಕ್ಷೆಗಳನ್ನು ಒಬ್ಬರಿಗೊಬ್ಬರು ತೋರಿಸಿದರು, ಮತ್ತೆ ಮಡಚಿ ಒಳಗಿಟ್ಟುಕೊಂಡರು.

ಮರುವರ್ಷ, 2003ರ ಏಪ್ರಿಲಿನಲ್ಲಿ, ಮಾತುಕತೆಗೆಂದು ಬೀಜಿಂಗಿಗೆ ಹೊರಟವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಆಗ ಅವರು ರಕ್ಷಣಾ ಸಚಿವರು. ಲೋಕಸಭೆಗೆ ಆರಿಸಿಬಂದದ್ದು ಬಿಹಾರದ ನಾಳಂದ ಕ್ಷೇತ್ರದಿಂದ. ಹದಿಮೂರು ಶತಮಾನಗಳಿಗೂ ಹಿಂದೆ ಚೀನಾದ ಹ್ಯೂಯೆನ್ ತ್ಸಾಂಗ್ ಓದಲು ಬಂದ ನಾಳಂದವೇ ಅದು. ಚರಿತ್ರೆಗೂ ಒಮ್ಮೊಮ್ಮೆ ಇಂಥ ತಮಾಷೆ ಹೊಳೆಯುತ್ತದೆ.

ಆದರೆ ಫರ್ನಾಂಡಿಸರಿಗೆ ಇದು ಸಲೀಸಾದ ಪ್ರಯಾಣವಲ್ಲ. 1998ರ ಮೇ ತಿಂಗಳಲ್ಲಿ, ಪೋಖ್ರಾನ್ ಪರೀಕ್ಷೆಗೆ ಕೆಲವೇ ದಿನ ಮೊದಲು, ಭಾರತಕ್ಕೆ ಎದುರಾಗಬಹುದಾದ ಅಪಾಯಗಳಲ್ಲಿ ಮೊದಲನೆಯದು ಚೀನಾ ಎಂದು ಟಿ.ವಿ. ಸಂದರ್ಶನದಲ್ಲಿ ಹೇಳಿದ್ದವರು ಅವರೇ. ಟಿಬೆಟಿನವರ ಪರವಾಗಿ ವರ್ಷಗಟ್ಟಲೆ ದನಿಯೆತ್ತಿದವರೂ ಹೌದು. ಅಷ್ಟು ಬೈದವರ ಮನೆಯ ಮೆಟ್ಟಿಲು ಹತ್ತಲು ಎಷ್ಟು ಜನರಿಗೆ ಕಾಲು ಬಂದೀತು?

ಸಾಲದ್ದಕ್ಕೆ ಆ ಮನೆಗೆ ಜ್ವರ ಬಡಿದಿತ್ತು. ಸಾರ್ಸ್ ರೋಗ ಬೀಜಿಂಗನ್ನು ನಡುಗಿಸುತ್ತಿದ್ದ ದಿನಗಳವು. ಸೋಂಕಿನ ನಿಜವಾದ ಪ್ರಮಾಣವನ್ನು ಮುಚ್ಚಿಟ್ಟ ಗದ್ದಲದಲ್ಲಿ ಅಲ್ಲಿನ ಆರೋಗ್ಯ ಸಚಿವರೂ ಬೀಜಿಂಗಿನ ಮೇಯರರೂ ಅದೇ ಏಪ್ರಿಲಿನಲ್ಲಿ ಕುರ್ಚಿ ಕಳೆದುಕೊಂಡರು. ಪ್ರವಾಸ ಮುಂದೂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಫರ್ನಾಂಡಿಸ್ ಮುಂದೂಡಲಿಲ್ಲ. 1992ರಲ್ಲಿ ಶರದ್ ಪವಾರ್ ಹೋಗಿಬಂದ ಮೇಲೆ ಭಾರತದ ರಕ್ಷಣಾ ಸಚಿವರೊಬ್ಬರು ಚೀನಾಕ್ಕೆ ಹೋದದ್ದು ಅದೇ ಮೊದಲು.

ಹೋಗಿ ತಂದದ್ದೇನು ಎಂದು ಕೇಳುವವರಿಗೆ ತೋರಿಸಲು ಒಂದು ಗಡಿಕಲ್ಲೂ ಇರಲಿಲ್ಲ. ಆದರೆ ಜೂನ್ ತಿಂಗಳಲ್ಲಿ ಪ್ರಧಾನಿ ವಾಜಪೇಯಿ ಬೀಜಿಂಗಿಗೆ ಹೋದರು. ಗಡಿ ವಿಷಯ ಮಾತಾಡಲೆಂದೇ ಎರಡೂ ದೇಶಗಳು ತಲಾ ಒಬ್ಬ ವಿಶೇಷ ಪ್ರತಿನಿಧಿಯನ್ನು ನೇಮಿಸುವುದೆಂದು ಆಗ ತೀರ್ಮಾನವಾಯಿತು.

ಫರ್ನಾಂಡಿಸ್ ಮೆತ್ತಗಾದರು ಎಂದು ಆಡಿಕೊಂಡವರಿಗೆ ಸಿಯಾಚಿನ್ ನೆನಪಿರಬೇಕಿತ್ತು. ಆ ಹಿಮದ ಠಾಣೆಗಳಿಗೆ ಅವರು ಮತ್ತೆ ಮತ್ತೆ ಹೋದವರು. ಸೈನಿಕರಿಗೆ ಬೇಕಿದ್ದ ಹಿಮವಾಹನಗಳ ಕಡತವನ್ನು ತಡೆದ ಅಧಿಕಾರಿಗಳನ್ನು, ಅಲ್ಲಿನ ಚಳಿ ಹೇಗಿದೆಯೆಂದು ನೋಡಿಬನ್ನಿ ಎಂದು ಅಲ್ಲಿಗೇ ಕಳಿಸಿದವರು. ಗಡಿಯಲ್ಲಿ ಮಗನನ್ನು ನಿಲ್ಲಿಸಿದ ತಾಯಿಗೆ ಎರಡೂ ಬೇಕು: ಮಗನಿಗೆ ಬೆಚ್ಚಗಿನ ಕೋಟು, ಮತ್ತು ಆಚೆ ಬದಿಯವರೊಡನೆ ಮಾತಾಡಲು ಒಬ್ಬರು.

ರೇಖೆಯಿಂದ ಎರಡು ಕಿ.ಮೀ. ಒಳಗೆ ಗುಂಡು ಹಾರಿಸಬಾರದು ಎಂಬ ಮಾತು 1996ರ ಒಪ್ಪಂದದಲ್ಲಿದೆ. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಕೈಕೈ ಮಿಲಾಯಿಸಿದಾಗ ಕಲ್ಲು, ದೊಣ್ಣೆಗಳೇ ಆಯುಧಗಳಾದವು. 20 ಭಾರತೀಯ ಯೋಧರು ಪ್ರಾಣ ಕೊಟ್ಟರು. ತಮ್ಮ ಕಡೆ ನಾಲ್ವರು ಸತ್ತರೆಂದು ಚೀನಾ ಒಪ್ಪಿಕೊಂಡದ್ದು ತಿಂಗಳುಗಳ ಬಳಿಕ. ಅದನ್ನು ಕಾಣಲು ಫರ್ನಾಂಡಿಸ್ ಇರಲಿಲ್ಲ. 2019ರ ಜನವರಿ 29ರಂದು ತೀರಿಕೊಂಡಿದ್ದರು.

2024ರ ಡಿಸೆಂಬರಿನಲ್ಲಿ ವಿಶೇಷ ಪ್ರತಿನಿಧಿಗಳು ಬೀಜಿಂಗಿನಲ್ಲಿ ಮತ್ತೆ ಎದುರುಬದುರು ಕುಳಿತರು. ಅದು 23ನೆಯ ಸುತ್ತು. 24ನೆಯದು 2025ರ ಆಗಸ್ಟಿನಲ್ಲಿ ದೆಹಲಿಯಲ್ಲಿ ನಡೆಯಿತು.